ಪುಣೆಯ ಪ್ಲೇಗ್ ನಿಯಮಗಳನ್ನು ಬರೆದವರು ಯಾರು?

ಪುಣೆಯ ಪೇಠೆಗಳಲ್ಲಿ ಮನೆ ತಪಾಸಣೆ ಶುರುವಾದದ್ದು 1897ರ ಮಾರ್ಚ್ 13ರಂದು. ಬೆಳಗ್ಗೆ ಗೋರಾ ಸೋಲ್ಜರುಗಳ ತುಕಡಿ ಒಂದು ಗಲ್ಲಿಯ ಎರಡೂ ಬಾಯಿ ಮುಚ್ಚಿ ನಿಲ್ಲುತ್ತಿತ್ತು. ಮತ್ತೊಂದು ತುಕಡಿ ಮನೆಯಿಂದ ಮನೆಗೆ ಹೋಗಿ ಎಲ್ಲರನ್ನೂ ಹೊರಗೆ ಕರೆಯುತ್ತಿತ್ತು. ಮೈ ಬಿಸಿ ಇದೆಯೇ, ಕಂಕುಳಲ್ಲಿ, ತೊಡೆಸಂದಿನಲ್ಲಿ ಗಡ್ಡೆ ಎದ್ದಿದೆಯೇ ಎಂದು ನೋಡುತ್ತಿದ್ದರು. ಅನುಮಾನ ಬಂದವರು ಪ್ಲೇಗ್ ಆಸ್ಪತ್ರೆಗೆ, ಅವರ ಮನೆಯವರು ಊರಾಚೆಯ ಕ್ಯಾಂಪಿಗೆ. ಖಾಲಿಯಾದ ಮನೆಯ ನೆಲ ಅಗೆದು, ಹೆಂಚು ತೆಗೆದು, ಬಟ್ಟೆಬರೆ ಸುಟ್ಟು, ಗೋಡೆಗೆ ಸುಣ್ಣ ಬಳಿದು, ಕಾರ್ಬಾಲಿಕ್ ಆಮ್ಲ ಸುರಿದು ಬರುವುದು ಮೂರನೆಯ ತುಕಡಿಯ ಕೆಲಸ. ಇದು ಮೇ 19ರವರೆಗೆ ನಡೆಯಿತು.

ಮುಂದಿನ ಕಥೆ ಶಾಲೆಯ ಪಠ್ಯದಲ್ಲೇ ಬರುತ್ತದೆ. ಜೂನ್ 22ರ ರಾತ್ರಿ, ರಾಣಿ ವಿಕ್ಟೋರಿಯಾ ಪಟ್ಟಕ್ಕೆ ಬಂದು ಅರವತ್ತು ವರ್ಷವಾದ ಸಂಭ್ರಮ ಮುಗಿಸಿ ಗಣೇಶಖಿಂಡದ ಗವರ್ನರ್ ಬಂಗಲೆಯಿಂದ ಹಿಂತಿರುಗುತ್ತಿದ್ದ ಪ್ಲೇಗ್ ಸಮಿತಿಯ ಅಧ್ಯಕ್ಷ ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಹಿಂದಿನ ಗಾಡಿಯಲ್ಲಿದ್ದ ಲೆಫ್ಟಿನೆಂಟ್ ಆಯರ್ಸ್ಟ್ ಅಲ್ಲೇ ಸತ್ತ. ರ‍್ಯಾಂಡ್ ಜುಲೈ 3ರಂದು ತೀರಿಕೊಂಡ. ತಿಲಕರಿಗೆ ರಾಜದ್ರೋಹದ ಶಿಕ್ಷೆಯಾಯಿತು, ಚಾಪೇಕರರು ಗಲ್ಲಿಗೇರಿದರು. ಈ ಗುಂಡಿನ ಸದ್ದು ಎಷ್ಟು ದೊಡ್ಡದೆಂದರೆ ಅದರ ಹಿಂದಿದ್ದ ಪ್ರಶ್ನೆಯೊಂದು ಇವತ್ತಿಗೂ ಸರಿಯಾಗಿ ಕೇಳಿಸಿಲ್ಲ. ಆ ನಿಯಮಗಳನ್ನು ಬರೆದವರು ಯಾರು? ಅವರಿಗೆ ಏನು ಗೊತ್ತಿತ್ತು?

ಸುಲಭದ ಉತ್ತರವೊಂದಿದೆ: ರ‍್ಯಾಂಡ್ ವೈದ್ಯನಲ್ಲ, ಐಸಿಎಸ್ ಅಧಿಕಾರಿ. ಸಾತಾರಾದಲ್ಲಿದ್ದಾಗಲೇ, ವಾಯಿಯಲ್ಲಿ ಮಸೀದಿ ಮುಂದೆ ವಾದ್ಯ ನುಡಿಸಿದ ಪ್ರಕರಣದಲ್ಲಿ ಊರಿನ ಗಣ್ಯರನ್ನು ಜೈಲಿಗೆ ಕಳಿಸಿ ಬಿಗಿ ಮನುಷ್ಯನೆಂದು ಹೆಸರು ಮಾಡಿದ್ದವನು. ಅಂಥವನಿಗೆ ರೋಗದ ಗಂಧಗಾಳಿ ಇರಲಿಲ್ಲ, ಅದಕ್ಕೇ ಹೀಗಾಯಿತು ಎನ್ನುವುದು ಆ ಉತ್ತರ. ಇದು ಅರ್ಧ ಮಾತ್ರ ನಿಜ. ಅವನ ಸಮಿತಿಯಲ್ಲಿ ಮೂವರಿದ್ದರು: ರ‍್ಯಾಂಡ್, ಸೈನ್ಯದ ಕರ್ನಲ್ ಫಿಲಿಪ್ಸ್, ಮತ್ತು ಸರ್ಜನ್ ಕ್ಯಾಪ್ಟನ್ ಬೆವರಿಜ್. ಈ ಬೆವರಿಜ್ 1894ರ ಹಾಂಗ್‌ಕಾಂಗ್ ಪ್ಲೇಗಿನಲ್ಲಿ ಕೆಲಸ ಮಾಡಿ ಬಂದ ವೈದ್ಯ. ಹಿಂದೂಸ್ಥಾನದಲ್ಲಿ ಆಗ ಪ್ಲೇಗನ್ನು ಕಣ್ಣಾರೆ ಕಂಡ ಡಾಕ್ಟರುಗಳೇ ಬೆರಳೆಣಿಕೆಯಷ್ಟು. ಅಂದರೆ ಸಮಿತಿಯಲ್ಲಿ ತಜ್ಞ ಇದ್ದ, ಸಿಗಬಹುದಾದವರ ಪೈಕಿ ಅನುಭವಿಯೇ ಇದ್ದ. ಪುಣೆಯ ಮನೆ ತಪಾಸಣೆಯ ಪದ್ಧತಿಗೂ ಹಾಂಗ್‌ಕಾಂಗಿನದೇ ಮಾದರಿ. ಅಲ್ಲಿ ಶ್ರಾಪ್‌ಷೈರ್ ರೆಜಿಮೆಂಟಿನ ಸೈನಿಕರು ಚೀನೀಯರ ಮನೆಗಳಿಗೆ ನುಗ್ಗಿ ಸುಣ್ಣ ಬಳಿದಿದ್ದರು, ಇಲ್ಲಿ ಡರಮ್ ರೆಜಿಮೆಂಟಿನವರು ಮರಾಠಿಗರ ಮನೆಗಳಿಗೆ ಬಳಿದರು.

ತಜ್ಞ ಎಂಬ ಪದವನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ತತ್ ಮತ್ತು ಜ್ಞ ಸೇರಿ ತಜ್ಞ, ಅಂದರೆ ‘ಅದನ್ನು ಬಲ್ಲವನು’. ಕನ್ನಡದಲ್ಲಿ ಈಗ ಈ ಪದ ಬಿರುದಿನಂತೆ ಓಡಾಡುತ್ತದೆ, ‘ಅದು’ ಯಾವುದು ಎಂದು ಯಾರೂ ಕೇಳುವುದಿಲ್ಲ. ಬೆವರಿಜ್ ಬಲ್ಲದ್ದು ರೋಗಿಯ ಮೈಯನ್ನು, ಗಡ್ಡೆಯನ್ನು, ಜ್ವರವನ್ನು. ರೋಗ ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ ಎನ್ನುವುದನ್ನು ಅವನೂ ಬಲ್ಲವನಾಗಿರಲಿಲ್ಲ, ಜಗತ್ತಿನಲ್ಲಿ ಬೇರೆ ಯಾರೂ ಖಚಿತವಾಗಿ ಬಲ್ಲವರಾಗಿರಲಿಲ್ಲ. ಆದರೆ ನಿಯಮಗಳು ನಿಂತಿದ್ದದ್ದು ಪೂರ್ತಿಯಾಗಿ ಆ ಎರಡನೆಯ ಸಂಗತಿಯ ಮೇಲೆ.

ಕಾನೂನಂತೂ ಆ ಪ್ರಶ್ನೆಯ ಗೋಜಿಗೇ ಹೋಗಿರಲಿಲ್ಲ. 1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾ. ಅಕಾಸಿಯೋ ವಿಯೆಗಾಸ್ ಎಂಬ ಗೋವಾ ಮೂಲದ ವೈದ್ಯರು ಇದು ಪ್ಲೇಗು ಎಂದು ಗುರುತಿಸಿದ್ದರು. ಚಳಿಗಾಲಕ್ಕೆ ಮುಂಬಯಿಯಿಂದ ಓಡಿಬಂದವರ ಜತೆ ಅದು ಪುಣೆ ತಲುಪಿತು. ಇತ್ತ ವೆನಿಸ್‌ನಲ್ಲಿ ಪ್ಲೇಗಿಗೆಂದೇ ಅಂತರರಾಷ್ಟ್ರೀಯ ಸಮ್ಮೇಳನ ಸೇರುವುದರಲ್ಲಿತ್ತು. ಹಿಂದೂಸ್ಥಾನದ ಹಡಗು, ತೊಗಲು, ಹತ್ತಿ, ಹಜ್ ಯಾತ್ರಿಕರು ಎಲ್ಲವನ್ನೂ ತಡೆಯುವ ಮಾತು ಯುರೋಪಿನಲ್ಲಿ ಎದ್ದಿತ್ತು. ಸರ್ಕಾರ ಏನೋ ಮಾಡುತ್ತಿದೆ ಎಂದು ತೋರಿಸಲೇಬೇಕಿತ್ತು. ಕಲಕತ್ತೆಯಲ್ಲಿ ಜನವರಿ 28ರಂದು ಮಂಡಿಸಿದ ಸಾಂಕ್ರಾಮಿಕ ರೋಗಗಳ ಕಾಯ್ದೆ ಫೆಬ್ರವರಿ 4ಕ್ಕೆ ಪಾಸಾಯಿತು. ಇಡೀ ಕಾಯ್ದೆಯಲ್ಲಿ ನಾಲ್ಕೇ ಸೆಕ್ಷನ್ನು. ‘ಅಪಾಯಕಾರಿ ಸಾಂಕ್ರಾಮಿಕ’ ಎಂದರೇನು ಎಂಬ ವ್ಯಾಖ್ಯೆ ಇಲ್ಲ, ನಿಯಮ ಮಾಡುವ ಮುನ್ನ ಯಾವ ವೈದ್ಯರನ್ನಾದರೂ ಕೇಳಬೇಕು ಎಂಬ ಷರತ್ತೂ ಇಲ್ಲ. ಸರ್ಕಾರಕ್ಕೆ ಅಗತ್ಯ ಎನಿಸಿದ ಕ್ರಮ ಕೈಗೊಳ್ಳಬಹುದು, ಮೀರಿದವರಿಗೆ ದಂಡಸಂಹಿತೆಯ 188ನೇ ಕಲಮಿನ ಶಿಕ್ಷೆ, ಸದುದ್ದೇಶದಿಂದ ನಡೆದುಕೊಂಡ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ. ಇಷ್ಟೇ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಮಹಾರಾಷ್ಟ್ರ, ಕರ್ನಾಟಕ ಎರಡೂ ಮೊದಲು ಕೈಗೆತ್ತಿಕೊಂಡದ್ದು ಇದೇ ನಾಲ್ಕು ಸೆಕ್ಷನ್ನುಗಳನ್ನು.

ಪುಣೆಯ ನಿಯಮಗಳ ಹಿಂದಿನ ತರ್ಕ ಸರಳ. ರೋಗ ಮನುಷ್ಯನಲ್ಲಿದೆ, ಅವನ ಬಟ್ಟೆಯಲ್ಲಿದೆ, ಮನೆಯ ಕೊಳೆಯಲ್ಲಿ ಮತ್ತು ನೆಲದಲ್ಲಿದೆ. ಆದ್ದರಿಂದ ಮನುಷ್ಯನನ್ನು ಹಿಡಿ, ಬಟ್ಟೆ ಸುಡು, ನೆಲ ತೊಳೆ. ಇಲಿಯ ವಿಷಯ ಗೊತ್ತಿರಲಿಲ್ಲವೇ? ಗೊತ್ತಿತ್ತು. 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ಸತ್ತ ಇಲಿಗಳ ದೇಹದಲ್ಲಿ ಅದೇ ಬ್ಯಾಸಿಲಸ್ ಕಂಡಿದ್ದ. ಅದಕ್ಕಿಂತ ಬಹಳ ಹಿಂದಿನಿಂದ ಕುಮಾಂವು, ಗಢವಾಲದ ಹಳ್ಳಿಗರು ಇಲಿ ಸತ್ತು ಬೀಳತೊಡಗಿದರೆ ಮನೆ ಬಿಟ್ಟು ಗುಡ್ಡಕ್ಕೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ನಮ್ಮ ಕಡೆಯ ಹಿರಿಯರ ಬಾಯಲ್ಲೂ ಪ್ಲೇಗಿನ ಕಥೆ ಶುರುವಾಗುತ್ತಿದ್ದದ್ದು ‘ಇಲಿ ಬಿತ್ತು’ ಎಂಬ ಎರಡು ಪದಗಳಿಂದ. ಊರು ಬಿಡುವುದಕ್ಕೆ ಅಷ್ಟು ಸಾಕಿತ್ತು. ಸಮಿತಿಯ ದೃಷ್ಟಿಯಲ್ಲಿ ಇದು ಹಳ್ಳಿಗರ ನಂಬಿಕೆ. ಇಲಿ ಸಾಯುವುದು ರೋಗದ ಜತೆ ಬರುವ ಇನ್ನೊಂದು ಲಕ್ಷಣವೇ ಹೊರತು ಅದರ ದಾರಿಯಲ್ಲ.

ಇದರ ಪರಿಣಾಮ ವಿಚಿತ್ರವಾಗಿತ್ತು. ಮುಂಬಯಿಯಲ್ಲಿ ಮೋರಿಗಳಿಗೆ ಕಾರ್ಬಾಲಿಕ್ ಸುರಿದಾಗ ಅಲ್ಲಿದ್ದ ಇಲಿಗಳು ಮನೆಗಳತ್ತ ಓಡಿದವು. ಮನೆ ಖಾಲಿ ಮಾಡಿಸಿದ್ದು ಮಾತ್ರ ನಿಜಕ್ಕೂ ಕೆಲಸಕ್ಕೆ ಬಂತು, ಆದರೆ ಅವರು ಅಂದುಕೊಂಡ ಕಾರಣಕ್ಕಲ್ಲ: ಜನ ಇಲಿಯಿಂದ ದೂರ ಹೋದರು. ಸರಿಯಾದ ಕೆಲಸವನ್ನು ತಪ್ಪು ಕಾರಣಕ್ಕೆ ಮಾಡಿದರೆ ಆಗುವ ತೊಂದರೆ ಏನೆಂದರೆ, ಅದರ ಜತೆಗಿನ ತಪ್ಪು ಕೆಲಸಗಳನ್ನು ಬಿಡಲು ಯಾವ ಕಾರಣವೂ ಕಾಣುವುದಿಲ್ಲ. ಮೇ ತಿಂಗಳಿಗೆ ಪುಣೆಯಲ್ಲಿ ರೋಗ ಇಳಿಯಿತು. ತಪಾಸಣೆಯೇ ಅದನ್ನು ಇಳಿಸಿತು ಎಂದು ಅಧಿಕಾರಿಗಳು ನಂಬಿದರು. ಬೇಸಿಗೆಯ ಒಣ ಬಿಸಿಲಿಗೆ ಚಿಗಟಗಳು ಕಡಿಮೆಯಾಗುತ್ತವೆ, ಪ್ಲೇಗೂ ತಗ್ಗುತ್ತದೆ ಎನ್ನುವುದು ಗೊತ್ತಾಗಲು ಇನ್ನೂ ಹತ್ತು ವರ್ಷ ಬೇಕಿತ್ತು. ಮಳೆಗಾಲ ಕಳೆಯುವ ಹೊತ್ತಿಗೆ ಪ್ಲೇಗು ಪುಣೆಗೆ ಮರಳಿತು, ಇನ್ನೂ ಜೋರಾಗಿ.

ಗಡ್ಡೆ ನೋಡುವ ಕೆಲಸವನ್ನು ಯಾರಿಗೆ ವಹಿಸಲಾಗಿತ್ತು ಎಂಬುದನ್ನೂ ಮರೆಯಬಾರದು. ಬೆವರಿಜ್ ಒಬ್ಬನೇ ಎಷ್ಟು ಮನೆ ಹೊಕ್ಕಾನು? ದಂಡು ಸೇರಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದ ಊರು. ಸಮಿತಿಯ ತಜ್ಞತೆ ಕಾಗದದ ಮೇಲೆ ಉಳಿಯಿತು, ಬಾಗಿಲು ತಟ್ಟಿದವನು ವೈದ್ಯಕೀಯದ ಅಕ್ಷರ ಕಲಿಯದ ಸೋಲ್ಜರು. ಬೇರೆ ಜ್ವರದವರನ್ನೂ ಪ್ಲೇಗ್ ಆಸ್ಪತ್ರೆಗೆ ಎತ್ತಿಕೊಂಡು ಹೋಗುತ್ತಾರೆ ಎಂಬ ದೂರು ದಿನವೂ ಇತ್ತು. ಜತೆಗೆ ಊರಿನ ಗೃಹಸ್ಥರೊಬ್ಬರು ಇರಬೇಕು ಎಂಬ ವ್ಯವಸ್ಥೆ ಇತ್ತು, ಅವರ ಮಾತು ನಡೆಯುತ್ತಿರಲಿಲ್ಲ ಎಂಬ ದೂರೂ ಇತ್ತು.

ಆಸ್ಪತ್ರೆಯೊಳಗೆ ಏನಾಗುತ್ತಿತ್ತು ಎಂದು ಹೇಳಿದವರಲ್ಲಿ ಒಬ್ಬರು ನಮ್ಮ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. ಪುಣೆಯಲ್ಲಿ ಶಾರದಾ ಸದನ ನಡೆಸುತ್ತಿದ್ದ ಅವರು 1897ರ ಮೇನಲ್ಲಿ ‘ಬಾಂಬೆ ಗಾರ್ಡಿಯನ್’ ಪತ್ರಿಕೆಗೆ ಬರೆದರು: ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಇಲ್ಲ, ತಮ್ಮ ಸದನದ ಹುಡುಗಿಯೊಬ್ಬಳು ಅಲ್ಲಿಂದ ಕಾಣೆಯಾದಳು. ಆಗ ಇಂಗ್ಲೆಂಡಿನಲ್ಲಿದ್ದ ಗೋಖಲೆ ಪುಣೆಯಿಂದ ಬಂದ ಕಾಗದಗಳನ್ನು ನಂಬಿ ಸೈನಿಕರ ದುರ್ವರ್ತನೆಯ ಬಗ್ಗೆ ‘ಮ್ಯಾಂಚೆಸ್ಟರ್ ಗಾರ್ಡಿಯನ್’ನಲ್ಲಿ ಹೇಳಿದರು. ಊರಿಗೆ ಮರಳಿದಾಗ ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ. ಗೋಖಲೆ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ರಮಾಬಾಯಿ ತಮ್ಮ ಮಾತಿನಿಂದ ಹಿಂದೆ ಸರಿಯಲಿಲ್ಲ. ಅವರ ಪತ್ರಕ್ಕೆ ನಿಯಮಗಳ ಪುಸ್ತಕದಲ್ಲಿ ಜಾಗವಿರಲಿಲ್ಲ ಎನ್ನುವುದು ಬೇರೆ. ರೋಗಿಯ ಆರೈಕೆ ಬಲ್ಲ ಇನ್ನೊಬ್ಬರೂ ಅದೇ ಊರಿನಲ್ಲಿದ್ದರು. ಸಾವಿತ್ರಿಬಾಯಿ ಫುಲೆ ತಮ್ಮ ಮಗ ಡಾ. ಯಶವಂತನ ಜತೆ ಊರಾಚೆ ಹಡಪಸರದ ಬಳಿ ರೋಗಿಗಳಿಗೆ ಚಿಕಿತ್ಸಾಲಯ ತೆರೆದಿದ್ದರು. ರೋಗಿ ಬಾಲಕನೊಬ್ಬನನ್ನು ಹೊತ್ತು ತಂದು, ತಾವೇ ಸೋಂಕು ತಗಲಿಸಿಕೊಂಡು, ಮಾರ್ಚ್ 10ರಂದು ತೀರಿಕೊಂಡರು. ಸೋಲ್ಜರುಗಳು ಪೇಠೆಗಿಳಿಯುವುದಕ್ಕೆ ಮೂರು ದಿನ ಮುಂಚೆ.

ಪುಣೆಯಿಂದ ದಕ್ಷಿಣಕ್ಕೆ ಹೊರಟ ರೈಲಿನಲ್ಲಿ ಪ್ಲೇಗೂ ಕೂತಿತ್ತು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತದ್ದು, ಪುಣೆಗಿದ್ದ ಸರ್ಕಾರವೇ ಹುಬ್ಬಳ್ಳಿಗೂ. ಆದರೆ ಹುಬ್ಬಳ್ಳಿಯಲ್ಲಿ ಬೇರೆಯೇ ಒಂದು ಪ್ರಯೋಗ ನಡೆಯಿತು, ಪುಣೆಯ ಇತಿಹಾಸ ಬರೆಯುವವರು ಇತ್ತ ತಿರುಗಿಯೂ ನೋಡುವುದಿಲ್ಲ. 1898ರಲ್ಲಿ ಅಲ್ಲಿದ್ದ ಸರ್ಜನ್ ಕ್ಯಾಪ್ಟನ್ ಲ್ಯೂಮನ್ ಎಂಬಾತ ಹಾಫ್‌ಕಿನ್ ಲಸಿಕೆಯನ್ನು ಊರಿಗೆ ಊರಿಗೇ ಹಾಕಲು ಹೊರಟ. ಒತ್ತಾಯಕ್ಕಿಂತ ಮನವೊಲಿಸುವುದನ್ನು ನೆಚ್ಚಿಕೊಂಡ. ರೈಲ್ವೆ ಕೆಲಸಗಾರರು, ಹತ್ತಿ ಗಿರಣಿಯ ಕಾರ್ಮಿಕರು ಮೊದಲು ಸೂಜಿ ಹಾಕಿಸಿಕೊಂಡರು, ಅವರನ್ನು ನೋಡಿ ಪೇಟೆಯವರು ಬಂದರು. ಕೆಲವೇ ತಿಂಗಳಲ್ಲಿ ಹತ್ತಾರು ಸಾವಿರ ಜನ ತೋಳು ಕೊಟ್ಟರು. ಧಾರವಾಡ, ಗದಗಗಳಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ಮಹಿಳಾ ವೈದ್ಯೆ ಇದೇ ಕೆಲಸ ಮಾಡಿದಳು. ಹೆಂಗಸರ ಮೈ ಮುಟ್ಟುವ ಕೆಲಸಕ್ಕೆ ಹೆಂಗಸು ವೈದ್ಯೆ ಇದ್ದರೆ ಎಷ್ಟು ಗಲಾಟೆ ತಪ್ಪುತ್ತದೆ ಎಂದು ಪುಣೆಯಲ್ಲಿ ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು.

ಆದರೆ ಹುಬ್ಬಳ್ಳಿಯನ್ನು ಬರೀ ಒಳ್ಳೆಯ ಕಥೆಯಾಗಿ ಹೇಳುವುದು ಸರಿಯಲ್ಲ. ಲಸಿಕೆ ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆ ಎಂದು ತೋರಿಸಿದ ಅಂಕಿಗಳು ಸಡಿಲವಾಗಿದ್ದವು. ಜನ ಊರು ಬಿಟ್ಟು ಹೋಗುತ್ತ ಬರುತ್ತ ಇದ್ದಾಗ, ಲಸಿಕೆ ಹಾಕಿಸಿಕೊಳ್ಳದವರು ಊರಲ್ಲಿ ನಿಜಕ್ಕೂ ಎಷ್ಟಿದ್ದರು ಎಂದು ಎಣಿಸುವುದು ಹೇಗೆ? ಈ ತಕರಾರು ಎತ್ತಿದ್ದು ಇಂಡಿಯನ್ ಪ್ಲೇಗ್ ಕಮಿಷನ್, ಎತ್ತಿದ್ದು ಸರಿಯಾಗಿಯೇ ಇತ್ತು. ಲಸಿಕೆಯಿಂದ ಉಪಯೋಗವಿದೆ ಎಂದೂ ಅದು ಒಪ್ಪಿಕೊಂಡಿತು.

ಈ ಕಮಿಷನ್ನಿನ ಕಥೆಗೆ ಬಂದರೆ ತಜ್ಞತೆಯ ಪ್ರಶ್ನೆ ಇನ್ನಷ್ಟು ಸಿಕ್ಕಾಗುತ್ತದೆ. ರ‍್ಯಾಂಡ್ ಸಮಿತಿಯಿಂದ ಪಾಠ ಕಲಿತವರಂತೆ ಸರ್ಕಾರ 1898ರಲ್ಲಿ ನಿಜವಾದ ವಿದ್ವಾಂಸರನ್ನು ಕೂರಿಸಿತು. ಅಧ್ಯಕ್ಷರು ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರೊಫೆಸರ್ ಥಾಮಸ್ ಫ್ರೇಸರ್. ಟೈಫಾಯ್ಡ್ ಲಸಿಕೆಗೆ ಹೆಸರಾದ ಆಲ್ಮ್‌ರಾತ್ ರೈಟ್, ಬ್ಯಾಕ್ಟೀರಿಯಾ ಶಾಸ್ತ್ರದ ಮಾರ್ಕ್ ಅರ್ಮಾಂಡ್ ರುಫರ್ ಸದಸ್ಯರು. ಜತೆಗೆ ಇಬ್ಬರು ಐಸಿಎಸ್. ಅವರು ದೇಶವೆಲ್ಲ ಸುತ್ತಿ ಸಾಕ್ಷ್ಯ ತೆಗೆದುಕೊಂಡರು, ದಪ್ಪ ಸಂಪುಟಗಳನ್ನು ಬರೆದರು. ಅದೇ 1898ರ ಜೂನ್ 2ರಂದು ಕರಾಚಿಯಲ್ಲಿ ಪಾಲ್ ಲೂಯಿ ಸಿಮಾನ್ ಎಂಬ ಫ್ರೆಂಚ್ ಸೇನಾವೈದ್ಯ ಗಾಜಿನ ಜಾಡಿಯೊಂದರಲ್ಲಿ ಪ್ಲೇಗು ತಗಲಿದ, ಚಿಗಟ ತುಂಬಿದ ಇಲಿಯನ್ನು ಇಟ್ಟು, ತಂತಿಬಲೆಯ ಆಚೆ ಆರೋಗ್ಯದ ಇಲಿಯನ್ನು ಇಟ್ಟ. ಒಂದನ್ನೊಂದು ಮುಟ್ಟುವಂತಿಲ್ಲ, ಚಿಗಟ ಮಾತ್ರ ದಾಟಬಹುದು. ಎರಡನೆಯ ಇಲಿಯೂ ಪ್ಲೇಗಿನಿಂದ ಸತ್ತಿತು. ಅವನು ಅದೇ ವರ್ಷ ಇದನ್ನು ಪ್ರಕಟಿಸಿದ.

ಕಮಿಷನ್ ಅದನ್ನು ಓದಿತು, ಗಣನೆಗೆ ಅರ್ಹವಲ್ಲ ಎಂಬಂತೆ ಬದಿಗೆ ಸರಿಸಿತು. ಬರಿಗಾಲಲ್ಲಿ ನಡೆಯುವವರ ಪಾದದ ಗಾಯದಿಂದ ರೋಗ ಒಳಹೊಗುತ್ತದೆ ಎಂಬ ಮಾತಿಗೆ ಅದಕ್ಕಿಂತ ಹೆಚ್ಚು ಬೆಲೆ ಸಿಕ್ಕಿತು. ರೋಗ ಹರಡುವುದು ಮುಖ್ಯವಾಗಿ ಮನುಷ್ಯರಿಂದ, ಇಲಿಯ ಪಾತ್ರ ಸಣ್ಣದು ಎಂದು ತೀರ್ಮಾನವಾಯಿತು. ರ‍್ಯಾಂಡ್ ತಪ್ಪಿದ್ದಕ್ಕೆ ಅವನು ವೈದ್ಯನಲ್ಲ ಎಂಬ ಕಾರಣ ಕೊಡಬಹುದು. ಇವರು ತಪ್ಪಿದ್ದಕ್ಕೆ? ಔಷಧಿಯನ್ನು ಬಲ್ಲವರು ಅಲ್ಲಿದ್ದರು, ಬ್ಯಾಕ್ಟೀರಿಯಾವನ್ನು ಬಲ್ಲವರು ಇದ್ದರು. ಕೀಟವನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಹುಳಹುಪ್ಪಟೆಯ ಅಧ್ಯಯನ ಆಗಿನ ವೈದ್ಯಕೀಯಕ್ಕೆ ಗೌರವದ ವಿಷಯವೇ ಆಗಿರಲಿಲ್ಲ. ಪ್ಲೇಗು ಹರಡುವ ಚಿಗಟಕ್ಕೆ ಮುಂದೆ 1903ರಲ್ಲಿ ಶಾಸ್ತ್ರೀಯ ಹೆಸರಿಟ್ಟದ್ದು ಲಂಡನ್ನಿನ ಬ್ಯಾಂಕ್ ಮನೆತನದ ಚಾರ್ಲ್ಸ್ ರಾತ್‌ಶೀಲ್ಡ್, ಬಿಡುವಿನಲ್ಲಿ ಚಿಗಟ ಸಂಗ್ರಹಿಸುವ ಹವ್ಯಾಸಿ!

ಲಸಿಕೆ ತಯಾರಿಸಿದ ವಾಲ್ಡೆಮಾರ್ ಹಾಫ್‌ಕಿನ್ ಕೂಡ ವೈದ್ಯನಾಗಿರಲಿಲ್ಲ, ಒಡೆಸ್ಸಾದ ಪ್ರಾಣಿಶಾಸ್ತ್ರಜ್ಞ. 1897ರ ಜನವರಿ 10ರಂದು ಮುಂಬಯಿಯಲ್ಲಿ ಮೊದಲ ಸೂಜಿಯನ್ನು ತನಗೇ ಚುಚ್ಚಿಕೊಂಡವನು. ವೈದ್ಯರ ಇಲಾಖೆ ಅವನನ್ನು ಎಂದೂ ತಮ್ಮವನೆಂದು ಒಪ್ಪಲಿಲ್ಲ. 1902ರ ಅಕ್ಟೋಬರ್‌ನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತಾಗ ಆ ಒಡಕು ಬಯಲಿಗೆ ಬಂತು. ಮುಂಬಯಿಯ ಮುಖ್ಯ ನ್ಯಾಯಾಧೀಶ ಲಾರೆನ್ಸ್ ಜೆಂಕಿನ್ಸ್ ನೇತೃತ್ವದ ವಿಚಾರಣೆ, ಕೊಳೆ ಸೇರಿದ್ದು ಪ್ರಯೋಗಾಲಯದಲ್ಲೇ ಎಂದಿತು. ಲಸಿಕೆ ಬೇಗ ಬೇಗ ತಯಾರಾಗಲೆಂದು ಹಾಫ್‌ಕಿನ್ ಪದ್ಧತಿಯಿಂದ ಕಾರ್ಬಾಲಿಕ್ ಆಮ್ಲ ಬೆರೆಸುವ ಹಂತವನ್ನು ಕೈಬಿಟ್ಟಿದ್ದ, ಅವನ ಮೇಲಿನ ದೊಡ್ಡ ಆರೋಪ ಅದೇ. ಆದರೆ ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡಿರಲಿಲ್ಲ ಎಂಬುದು ತಡವಾಗಿ ಮುಂದೆ ಬಂತು. 1907ರಲ್ಲಿ ಮಲೇರಿಯಾದ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ಲಂಡನ್ನಿನ ‘ಟೈಮ್ಸ್’ಗೆ ಪತ್ರ ಬರೆದು ಹಾಫ್‌ಕಿನ್ ನಿರ್ದೋಷಿ ಎಂದರು. ಅಷ್ಟರಲ್ಲಿ ಅವನ ಐದು ವರ್ಷ ಹೋಗಿದ್ದವು. ಪರೇಲಿನ ಪ್ರಯೋಗಾಲಯಕ್ಕೆ ಅವನ ಹೆಸರಿಟ್ಟದ್ದು 1925ರಲ್ಲಿ.

ಹಳೆಯ ಕಾಲದವರು ದಡ್ಡರು ಎಂದುಕೊಳ್ಳುವ ಹಾಗಿಲ್ಲ. ಕೋವಿಡ್ ಸಮಯದಲ್ಲಿ ಗುಣವಾದವರ ಪ್ಲಾಸ್ಮಾಕ್ಕಾಗಿ ಪುಣೆ, ಬೆಂಗಳೂರುಗಳಲ್ಲಿ ಮನೆಯವರು ರಾತ್ರಿಯಿಡೀ ಫೋನು ತಿರುಗಿಸಿದ್ದು ಎಷ್ಟೋ ಜನರ ನೆನಪಿನಲ್ಲಿದೆ. ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಐಸಿಎಂಆರ್ ತಾನೇ ನಡೆಸಿದ ಪರೀಕ್ಷೆ, ಅದರಿಂದ ಸಾವು ತಪ್ಪುವುದಿಲ್ಲ ಎಂದು 2020ರ ಅಕ್ಟೋಬರ್‌ನಲ್ಲೇ ಪ್ರಕಟಿಸಿತ್ತು. ಮಾರ್ಗಸೂಚಿಯಿಂದ ಪ್ಲಾಸ್ಮಾ ಹೊರಬಿದ್ದದ್ದು 2021ರ ಮೇ 17ರಂದು, ಎರಡನೆಯ ಅಲೆಯ ನಡುವೆ. ಇಲ್ಲಿ ತಜ್ಞರಿಗೂ ಕೊರತೆಯಿರಲಿಲ್ಲ, ಅವರ ಕೈಯಲ್ಲಿ ಸಾಕ್ಷ್ಯಕ್ಕೂ ಕೊರತೆಯಿರಲಿಲ್ಲ.

ಪ್ಲೇಗಿಗೆ ಮರಳಿದರೆ, ಒತ್ತಾಯದ ನಿಯಮಗಳು ಸಡಿಲವಾದದ್ದು ವಿಜ್ಞಾನ ಬೆಳೆದದ್ದರಿಂದಲ್ಲ, ಜನ ತಿರುಗಿ ಬಿದ್ದದ್ದರಿಂದ. 1898ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ದಂಗೆಯೆದ್ದ ಮೇಲೆ, ಬೇರೆ ಊರುಗಳಲ್ಲೂ ಅದೇ ನಡೆದ ಮೇಲೆ, ಹೊಸ ಶತಮಾನ ಬರುವಷ್ಟರಲ್ಲಿ ಮನೆ ನುಗ್ಗುವುದು, ಹೆಣ ತಡೆಯುವುದು ಎಲ್ಲ ನಿಂತವು. ಜನ ತಾವಾಗಿ ಊರು ಬಿಟ್ಟರೆ ಗುಡಿಸಲಿಗೆ ಸಾಮಾನು ಕೊಡುವುದು, ಬಂದವರಿಗೆ ಲಸಿಕೆ ಹಾಕುವುದು ಇಷ್ಟಕ್ಕೆ ಸರ್ಕಾರ ಬಂದು ನಿಂತಿತು. ಬೆಂಗಳೂರಿಗೆ 1898ರ ಆಗಸ್ಟ್‌ನಲ್ಲಿ ರೋಗ ಬಂದಿತ್ತು. ಇಕ್ಕಟ್ಟಿನ ಪೇಟೆಯಾಚೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆಯಲು ಆ ಭಯವೂ ಒಂದು ಕಾರಣ. ಗಾಳಿ ಬೆಳಕಿಗೆಂದು ಅಗಲವಾಗಿ ಹಾಕಿದ ಆ ಬೀದಿಗಳಲ್ಲಿ ಇಲಿಗೂ ಚಿಗಟಕ್ಕೂ ಜಾಗ ಕಡಿಮೆಯಾಯಿತು, ಮತ್ತೆ ತಪ್ಪು ಕಾರಣಕ್ಕೆ ಸರಿಯಾದ ಕೆಲಸ. ಪೇಟೆಯಲ್ಲಿ ಉಳಿದವರು ಪ್ಲೇಗಮ್ಮನಿಗೆ ಗುಡಿ ಕಟ್ಟಿದರು.

ಉತ್ತರ ಸಿಕ್ಕಿದ್ದು 1905ರ ನಂತರ, ಪರೇಲಿನಲ್ಲಿ. ಎರಡನೆಯ ಕಮಿಷನ್ ಸಾಕ್ಷಿಗಳನ್ನು ಕರೆಯಲಿಲ್ಲ, ಇಲಿಗಳನ್ನು ತರಿಸಿಕೊಂಡಿತು. ಗ್ಲೆನ್ ಲಿಸ್ಟನ್ ಮುಂಬಯಿಯ ಚಾಳೊಂದರಲ್ಲಿ ಇಲಿಗಳು ಸತ್ತ ಮೇಲೆ ಗಿನಿಪಿಗ್‌ಗಳನ್ನು ಬಿಟ್ಟು ನೋಡಿದಾಗ ಅವುಗಳ ಮೈಮೇಲೆ ಇಲಿಯ ಚಿಗಟಗಳು ಕಿಕ್ಕಿರಿದಿದ್ದವು. ಪಂಜರಗಳನ್ನು ಚಿಗಟ ನೆಗೆಯಬಲ್ಲ ಎತ್ತರಕ್ಕಿಂತ ಮೇಲೆ ತೂಗುಹಾಕಿದಾಗ ಒಳಗಿನ ಪ್ರಾಣಿ ಬದುಕಿತು, ಕೆಳಗಿಟ್ಟಾಗ ಸತ್ತಿತು. ಒಂದು ವರ್ಷದಲ್ಲಿ ಲಕ್ಷಕ್ಕೂ ಹೆಚ್ಚು ಇಲಿಗಳನ್ನು ಕೊಯ್ದು ನೋಡಿದರು. ಮೊದಲು ಮೋರಿಯ ಇಲಿ ಸಾಯುತ್ತದೆ, ಸುಮಾರು ಹತ್ತು ದಿನಕ್ಕೆ ಮನೆಯ ಇಲಿ, ಅದಾಗಿ ಹತ್ತರಿಂದ ಹದಿನಾಲ್ಕು ದಿನಕ್ಕೆ ಮನುಷ್ಯ. ಅಂದರೆ ಪುಣೆಯ ಸೋಲ್ಜರು ಗಡ್ಡೆ ಹುಡುಕುತ್ತ ಬಾಗಿಲಿಗೆ ಬರುವ ಹೊತ್ತಿಗೆ ಆ ಮನೆಯಲ್ಲಿ ಪ್ಲೇಗು ಮೂರು ವಾರ ಹಳೆಯದಾಗಿರುತ್ತಿತ್ತು. ಪರೇಲಿಗೆ ಬರುವ ಪ್ರತಿ ಸತ್ತ ಇಲಿಗೂ ಒಂದು ಚೀಟಿ ಕಟ್ಟಿರುತ್ತಿತ್ತು, ಅದು ಸಿಕ್ಕ ಜಾಗದ ವಿಳಾಸ ಬರೆದದ್ದು.